ಗಾಡಿಗಳಿಗೆ ವರ್ಷಕ್ಕೆ 50,000 ಆಯಿಲ್ ಪ್ರೆಷರ್ ಸೆನ್ಸರ್ ಬೇಕು, ಕೊಟೇಶನ್ ದುಬಾರಿ ಅಂದವರಿಗೆ
ನೀವು ಬಹುಶಃ ಕಾರ್ಖಾನೆಗೆ ಹಾಕುವ 4-20 ಮಿಲಿಆಂಪ್ ಕರೆಂಟ್ ಸಿಗ್ನಲ್ ಕೊಡುವ ಟ್ರಾನ್ಸ್‌ಮಿಟರ್‌ಗೆ ಬೆಲೆ ಕೇಳಿದ್ದೀರಿ, ಅದಕ್ಕೇ ಜಾಸ್ತಿ. ಗಾಡಿಗೆ ಅದು ಬೇಡ. ಮೊದಲು ಸ್ಪೆಸಿಫಿಕೇಶನ್ ಬದಲಿಸಿ: 5 ವೋಲ್ಟ್ ಸಪ್ಲೈ, 0.5ರಿಂದ 4.5 ವೋಲ್ಟ್ ರೇಷಿಯೋಮೆಟ್ರಿಕ್ ಔಟ್‌ಪುಟ್ (ಸಪ್ಲೈ ವೋಲ್ಟೇಜ್ ಏರಿಳಿದರೆ ಅದೇ ಅನುಪಾತದಲ್ಲಿ ಏರಿಳಿಯುವ ಸಿಗ್ನಲ್), ಮೈನಸ್ 40ರಿಂದ 125 ಡಿಗ್ರಿ ಸೆಲ್ಸಿಯಸ್ ತಾಪಮಾನ. ಎಷ್ಟು ನಿಖರತೆ ಬೇಕು ಅಂತ ನೀವು ಬರೆದಿಲ್ಲ, ಆದರೆ ಸುಮ್ನೆ ಅರ್ಧ ಪರ್ಸೆಂಟ್ ಅಂತ ಹಾಕಿದರೆ ಕ್ಯಾಲಿಬ್ರೇಶನ್ ಖರ್ಚೇ ಏರುತ್ತದೆ.

ಆಮೇಲೆ ಡಿಸ್ಟ್ರಿಬ್ಯೂಟರ್ ಬಿಟ್ಟು ಬಾಷ್, ಸೆನ್ಸಾಟಾ ತರಹದ ತಯಾರಕರಿಗೇ ಬರೆಯಿರಿ, ವರ್ಷಕ್ಕೆ ಎಷ್ಟು, ಎಷ್ಟು ವರ್ಷ ಅನ್ನುವುದನ್ನೂ ಹೇಳಿ. ಥ್ರೆಡ್, ಕನೆಕ್ಟರ್ ಅವರಲ್ಲಿ ಈಗಾಗಲೇ ಇರುವುದನ್ನೇ ಒಪ್ಪಿಕೊಂಡರೆ ಟೂಲಿಂಗ್ ಹಣ (ಹೊಸ ಅಚ್ಚು, ಉಪಕರಣ ಮಾಡಿಸುವ ಖರ್ಚು) ಉಳಿಯುತ್ತದೆ, ನಮಗೆ ದೊಡ್ಡ ಉಳಿತಾಯ ಆದದ್ದು ಇಲ್ಲೇ. ಐಎಟಿಎಫ್ 16949 (ವಾಹನ ಉದ್ಯಮದ ಗುಣಮಟ್ಟದ ಮಾನದಂಡ) ಸರ್ಟಿಫಿಕೇಟ್, ಪಿಪಿಎಪಿ (ಬಿಡಿಭಾಗಕ್ಕೆ ಉತ್ಪಾದನೆಗೆ ಮೊದಲು ಒಪ್ಪಿಗೆ ಪಡೆಯುವ ದಾಖಲೆಗಳು) ಕೊಡದವರ ಅಗ್ಗದ ಬೆಲೆಗೆ ದಯವಿಟ್ಟು ಮರುಳಾಗಬೇಡಿ. ಇಬ್ಬರಿಂದ ಸ್ಯಾಂಪಲ್ ತರಿಸಿ, ಬಿಸಿ ಆಯಿಲ್‌ನಲ್ಲಿ ಓಡಿಸಿ ನೋಡಿ, ನಂತರ ಆರ್ಡರ್ ಕೊಡಿ.