ಶಾಲೆಯ ಮೈದಾನದಲ್ಲಿ ಕಾರ್ಗಿಲ್

ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನ ಶಿಕ್ಷಕರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ದೀರ್ಘ ಪತ್ರ ಬರೆದಿದ್ದಾರೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಮೈದಾನದಲ್ಲಿ ಮರಳಿನ ಚೀಲಗಳ ಬಂಕರ್ ಕಟ್ಟಿ, ಹತ್ತನೇ ತರಗತಿಯ ಮಕ್ಕಳಿಗೆ ಸೈನಿಕರ ಉಡುಪು ತೊಡಿಸಿ, ಟೈಗರ್ ಹಿಲ್ ಕದನವನ್ನು ಜನರ ಕಣ್ಣೆದುರು ನಡೆಸಿ ತೋರಿಸುವುದು ಅವರ ಯೋಜನೆ. 1999ರ ಕಾರ್ಗಿಲ್ ಯುದ್ಧದ ವೇಳೆ ರಣರಂಗವಾಗಿದ್ದ ದ್ರಾಸ್‌ನಲ್ಲಿದ್ದ, ತಮ್ಮ ಊರಿನ ನಿವೃತ್ತ ಹವಾಲ್ದಾರರೊಬ್ಬರನ್ನು ಸಲಹೆ ಕೇಳಿದಾಗ, "ಮಕ್ಕಳನ್ನು ಗುಂಡು ತಾಗಿದವರ ಹಾಗೆ ಬೀಳಿಸಬೇಡಿ" ಎಂದಷ್ಟೇ ಹೇಳಿ ಎದ್ದು ಹೋದರಂತೆ. "ಪಠ್ಯಪುಸ್ತಕದ ನಾಲ್ಕು ಸಾಲಿಗಿಂತ ಇದು ಮೇಲಲ್ಲವೇ? ಇದರಲ್ಲಿ ತಪ್ಪೇನು?" ಎಂದು ಶಿಕ್ಷಕರು ಕೇಳಿದ್ದಾರೆ.

ಮಾನ್ಯರೇ,

ಪ್ರದರ್ಶನ ಮಾಡಿ. ಖಂಡಿತ ಮಾಡಿ. ಕದನವನ್ನು ಮಾತ್ರ ಕೈಬಿಡಿ. ನಿಮ್ಮ ಹವಾಲ್ದಾರರು ಒಂದೇ ಮಾತಿನಲ್ಲಿ ಹೇಳಿದ್ದು ಸರಿ ಎಂದು ನಾನು ನಂಬಿದ್ದೇನೆ.

1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಮಕ್ಕಳು ಆಡಿ ತೋರಿಸಿದರೆ ನೋವಾಗಬಹುದಾದ ತಾಯಿ ಇಂದು ಯಾರೂ ಉಳಿದಿಲ್ಲ. ಕಾರ್ಗಿಲ್ ಹಾಗಲ್ಲ. ಅಲ್ಲಿ ನಮ್ಮ 527 ಸೈನಿಕರು ಸತ್ತರು. ಅವರಲ್ಲಿ ಅನೇಕರು ಇಪ್ಪತ್ತರ ಹರೆಯದ ಹುಡುಗರು. ಬದುಕಿದ್ದರೆ ಇನ್ನೂ ಮುದುಕರಾಗುತ್ತಿರಲಿಲ್ಲ. ಹಿಂದಿನ ಯುದ್ಧಗಳಲ್ಲಿ ಮಡಿದವರ ಅಂತ್ಯಕ್ರಿಯೆ ಬಹುಮಟ್ಟಿಗೆ ರಣರಂಗದ ಬಳಿಯಲ್ಲೇ ನಡೆದುಹೋಗುತ್ತಿತ್ತು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಪಾರ್ಥಿವ ಶರೀರಗಳು ಹುಟ್ಟೂರಿಗೆ ಬಂದದ್ದು 1999ರಲ್ಲೇ. ತ್ರಿವರ್ಣ ಹೊದಿಸಿದ ಪೆಟ್ಟಿಗೆಯನ್ನು ಹೊತ್ತ ವಾಹನ ಊರ ದಾರಿಯಲ್ಲಿ ಬಂದದ್ದನ್ನು ನೋಡಿದವರು ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿದ್ದಾರೆ. ಅಂಥವರು ನಿಮ್ಮ ಮೈದಾನದ ಮುಂದಿನ ಸಾಲಿನಲ್ಲಿ ಕುಳಿತಿರುವಾಗ, ಪಟಾಕಿ ಸದ್ದಿಗೆ ಹುಡುಗನೊಬ್ಬ ಎದೆ ಹಿಡಿದುಕೊಂಡು ಉರುಳುತ್ತಾನೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಇದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಸಂಕಟದ ಮಾತು ಹಾಗಿರಲಿ, ಆ ದೃಶ್ಯ ಇತಿಹಾಸವೂ ಆಗುವುದಿಲ್ಲ. ದ್ರಾಸ್ ಬಳಿಯ ತೋಲೋಲಿಂಗ್ ಶಿಖರ ನಮ್ಮ ಕೈಗೆ ಬಂದದ್ದು ಜೂನ್ 13ರಂದು, ವಾರಗಟ್ಟಲೆ ನಡೆದ ವಿಫಲ ಪ್ರಯತ್ನಗಳ ನಂತರ. ಟೈಗರ್ ಹಿಲ್ 5,000 ಮೀಟರಿಗೂ ಎತ್ತರದ ಬಂಡೆ. ಜುಲೈ 3ರ ರಾತ್ರಿ ಆರಂಭವಾದ ದಾಳಿಯಲ್ಲಿ ನಮ್ಮ ಸೈನಿಕರು ಕತ್ತಲಲ್ಲಿ ಹಗ್ಗ ಹಿಡಿದು ಕಡಿದಾದ ಮುಖವನ್ನು ಹತ್ತಿದರು. ಹಗಲಿನಲ್ಲಿ ಕದಲಿದರೆ ಮೇಲೆ ಕುಳಿತ ಪಾಕಿಸ್ತಾನಿ ಸೈನಿಕರಿಗೆ ಕಾಣುತ್ತಿತ್ತು, ಮರೆಯಾಗಲು ಒಂದು ಮರವೂ ಇರಲಿಲ್ಲ. ಇದನ್ನು ಸಮತಟ್ಟಾದ ಮೈದಾನದಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ಹತ್ತು ನಿಮಿಷದಲ್ಲಿ ಮುಗಿಸಿ ಧ್ವಜ ನೆಟ್ಟರೆ ಮಕ್ಕಳು ಕಲಿಯುವುದು ಯುದ್ಧ ಸುಲಭವೆಂದು.

ಹಾಗಾದರೆ ಏನು ತೋರಿಸಬೇಕು? ದುಡಿಮೆಯನ್ನು ತೋರಿಸಿ, ಕಾಯುವುದನ್ನು ತೋರಿಸಿ. ಯುದ್ಧದ ಬಹುಪಾಲು ಅದೇ. ಬೊಫೋರ್ಸ್ ತೋಪಿನ 155 ಮಿ.ಮೀ. ಶೆಲ್ ಒಂದರ ತೂಕ 40 ಕಿಲೋ ದಾಟುತ್ತದೆ. ಅಷ್ಟೇ ತೂಕದ ಮರಳಿನ ಚೀಲವೊಂದನ್ನು ಇಡಿ, ದೊಡ್ಡವರು ಎತ್ತಿ ನೋಡಲಿ. ದಿನವಿಡೀ ಅಂಥವನ್ನು ಎತ್ತಿ ತೋಪಿಗೆ ತುಂಬಿದವರ ಬೆನ್ನು ಏನಾಗಿರಬೇಕೆಂದು ಆಗ ತಿಳಿಯುತ್ತದೆ. ವಿಜ್ಞಾನದ ಶಿಕ್ಷಕರನ್ನೂ ಜೊತೆಗೆ ಸೇರಿಸಿಕೊಳ್ಳಿ. ಟೈಗರ್ ಹಿಲ್‌ನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಸರಿಯಾಗಿ ಬೇಯುವುದಿಲ್ಲ. ಒಂದು ಸ್ಟೌ, ಒಂದು ಪ್ರೆಷರ್ ಕುಕ್ಕರ್, ಒಂದು ಥರ್ಮಾಮೀಟರ್ ಇಟ್ಟುಕೊಂಡು ವಿದ್ಯಾರ್ಥಿನಿಯೊಬ್ಬಳು ಇದನ್ನು ವಿವರಿಸಿದರೆ ಬಂಕರಿಗಿಂತ ಹೆಚ್ಚು ಜನ ಅಲ್ಲಿ ನಿಲ್ಲುತ್ತಾರೆ.

ಹೆಸರು ಬರೆದ ಕಪ್ಪು ಟ್ರಂಕು, ಉಣ್ಣೆಯ ಕೈಗವಸು, '56 ಎಪಿಓ' (ಸೇನೆಯ ಅಂಚೆ ಕಚೇರಿ) ವಿಳಾಸದ ಇನ್‌ಲ್ಯಾಂಡ್ ಪತ್ರ, ಊರಿನ ಎಸ್‌ಟಿಡಿ ಬೂತಿನ ಹಳೆಯ ಫಲಕ: ಇವು ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತವೆ. ಸೈನಿಕನ ಪಾತ್ರ ಮಾಡುವ ಹುಡುಗ ಟ್ರಂಕಿನ ಮೇಲೆ ಕುಳಿತು ಮನೆಗೆ ಕಾಗದ ಬರೆಯುತ್ತಿರಲಿ. ಯಾರಾದರೂ ಬಂದು ಪ್ರಶ್ನೆ ಕೇಳಿದರೆ ಪೆನ್ನು ಕೆಳಗಿಟ್ಟು ಉತ್ತರಿಸಲಿ. ಮದ್ದುಗುಂಡು, ಆಹಾರಗಳನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿದ ಲಡಾಖಿನ ಹಳ್ಳಿಗರನ್ನೂ, ಶೆಲ್ ದಾಳಿಗೆ ಮನೆ ಬಿಟ್ಟ ಕಾರ್ಗಿಲ್ ಪಟ್ಟಣದವರನ್ನೂ ಮರೆಯಬೇಡಿ. ಈ ಪಾತ್ರಗಳನ್ನು ಹೆಣ್ಣುಮಕ್ಕಳಿಗೂ ಕೊಟ್ಟರೆ, ಅವರಿಗೆ ಆರತಿ ತಟ್ಟೆಯಷ್ಟೇ ಕೊಡುವ ರೂಢಿ ತಪ್ಪೀತು.

ಇನ್ನು, ನಿಮ್ಮ ಪತ್ರದ ಕೊನೆಯಲ್ಲಿ ಬಂದಿರುವ ಸಾಲು: "ಪಾಕಿಸ್ತಾನಿಯಾಗಲು ಯಾರೂ ಒಪ್ಪುತ್ತಿಲ್ಲ, ಚೀಟಿ ಎತ್ತಬೇಕಾಗಬಹುದು." ದಯವಿಟ್ಟು ಬೇಡ. ಚೀಟಿ ಯಾರ ಹೆಸರಿಗೆ ಬಂದರೂ ಆ ಮಗು ವರ್ಷವಿಡೀ ಆ ಹೆಸರು ಹೊತ್ತು ತಿರುಗಬೇಕಾಗುತ್ತದೆ. ಮುಸ್ಲಿಂ ಮನೆಯ ಮಗುವಿಗೆ ಬಂದರಂತೂ ನೀವು ಬಯಸದ ಗಾಯವೊಂದನ್ನು ನೀವೇ ಮಾಡಿದಂತೆ. ಇದೇ ಯುದ್ಧದಲ್ಲಿ ಲಡಾಖಿನ ತುರ್ತುಕ್ ವಲಯದಲ್ಲಿ ಮಡಿದ ರಜಪೂತಾನಾ ರೈಫಲ್ಸ್‌ನ ಕ್ಯಾಪ್ಟನ್ ಹನೀಫುದ್ದೀನರ ದೇಹ ತಿಂಗಳಿಗೂ ಮೀರಿ ಹಿಮದಲ್ಲಿತ್ತು. ಅವರಿಗೆ ವೀರಚಕ್ರ ಬಂತು. ಎದುರಾಳಿಯ ಕಥೆಯೂ ಅಷ್ಟು ಸರಳವಲ್ಲ. ಟೈಗರ್ ಹಿಲ್‌ನಲ್ಲಿ ಕಾದಾಡಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನನ ('ಕರ್ನಲ್' ಎಂಬುದು ಆತನ ಹೆಸರೇ, ಹುದ್ದೆಯಲ್ಲ) ಶೌರ್ಯವನ್ನು ನಮ್ಮ ಬ್ರಿಗೇಡಿಯರ್ ಬಾಜ್ವಾ ಅವರೇ ಚೀಟಿಯಲ್ಲಿ ಬರೆದು, ಶವದ ಜೇಬಿನಲ್ಲಿಟ್ಟು ಕಳುಹಿಸಿದರು. ಆತನ ದೇಶ ಆತನಿಗೆ ತನ್ನ ಅತ್ಯುನ್ನತ ಪದಕ ಕೊಟ್ಟಿತು. ನಿಮ್ಮ ಹತ್ತನೇ ತರಗತಿಯವರು ಇದನ್ನು ಗೋಡೆಯ ಮೇಲೆ ಬರೆದು ಹಾಕಲಿ, ಓದಿದವರು ಸುಮ್ಮನೆ ಒಂದು ಕ್ಷಣ ನಿಲ್ಲಲಿ.

ಉಡುಪಿನ ವಿಷಯ ಚಿಕ್ಕದು. ಪದಕಗಳು ಬೇಡ, ನಿಜವಾದ ರೆಜಿಮೆಂಟಿನ ಬ್ಯಾಡ್ಜ್ ಬೇಡ, ಹುತಾತ್ಮರ ಹೆಸರನ್ನು ಯಾವ ಮಗುವಿನ ಎದೆಗೂ ಅಂಟಿಸಬೇಡಿ. ಬಂದೂಕು ಇಡಲೇಬೇಕೆಂದಿದ್ದರೆ ಮರದ್ದು, ಮೇಜಿನ ಮೇಲೆ.

ನೀವು ತಡಮಾಡದೆ ಹವಾಲ್ದಾರರ ಮನೆಗೆ ಮತ್ತೆ ಹೋಗಿ. ಭಾಷಣಕ್ಕೆ ಕರೆಯಬೇಡಿ, ಕದನವನ್ನು ಕೈಬಿಟ್ಟಿದ್ದೇವೆ ಎಂದು ಮೊದಲು ತಿಳಿಸಿ, ಆಮೇಲೆ ಪ್ರದರ್ಶನದ ಮೇಜಿನ ಮೇಲೆ ಏನೇನಿರಬೇಕೆಂದು ಕೇಳಿ. ಅವರು ಬೇಡವೆಂದ ವಸ್ತು ಅಲ್ಲಿರಬಾರದು. ಅವರು ಬರಲು ಒಪ್ಪದಿದ್ದರೆ ಒತ್ತಾಯ ಬೇಡ. 1999ರ ಜೂನ್, ಜುಲೈ ತಿಂಗಳ ನಮ್ಮ ಸಂಚಿಕೆಗಳಲ್ಲಿ ಬಂದ ವರದಿ, ಓದುಗರ ಪತ್ರಗಳ ನಕಲುಗಳನ್ನು ಈ ವಾರವೇ ಶಾಲೆಯ ವಿಳಾಸಕ್ಕೆ ಕಳುಹಿಸುತ್ತಿದ್ದೇವೆ. ಮಕ್ಕಳು ಬೇಕಾದಂತೆ ಬಳಸಿಕೊಳ್ಳಬಹುದು.

— ಸಂಪಾದಕ