ಅಕ್ಕೋರೆ, ನಿಮ್ಮ ಲೇಖನ ಎರಡು ತುಂಡಾಗಿದೆ

ಅಕ್ಕೋರೆ, ನಮಸ್ಕಾರ. ಕಾಲೇಜಲ್ಲಿ ಹುಡುಗ್ರು ನಿಮ್ಮನ್ನ ಮೇಡಂ ಅಂತಾರೇನೋ, ನಮ್ಮ ಕಡೆಯವ್ರ ಬಾಯಿಗೆ ಬರೋದು ಅಕ್ಕೋರು ಅಂತ್ಲೇ, ಬೇಜಾರು ಮಾಡ್ಕೋಬೇಡಿ. ಪಿಯುಸಿ ಮಕ್ಕಳಿಗೆ ಅಂತ ಕುಮಟಾದಿಂದ ನೀವು ಕಳಿಸಿದ ಅನುವಂಶೀಯತೆ ಮತ್ತು ಕೋಶ ವಿಭಜನೆ ಲೇಖನ ಎರಡು ಸಲ ಓದಿದೆ, ಒಂದ್ಸಲ ಇಲ್ಲಿ ಶಿರಸಿ ಆಫೀಸಲ್ಲಿ, ಇನ್ನೊಂದ್ಸಲ ರಾತ್ರಿ ಕರೆಂಟ್ ಹೋದಾಗ ಮೊಬೈಲಲ್ಲಿ. ಈಗಿರೋ ಹಾಗೆ ಅಚ್ಚು ಹಾಕಕ್ಕಾಗಲ್ಲ. ಆದ್ರೆ 'ಸ್ವೀಕರಿಸಲಾಗಿಲ್ಲ' ಅಂತ ಒಂದು ಸಾಲು ಗೀಚಿ ಕಳಿಸೋದು ನಂಗೆ ಸರಿ ಕಾಣಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲರ್ಧ ಪೂರ್ತಿ ಮೆಂಡೆಲ್, ಅವರ ಬಟಾಣಿ ಪ್ರಯೋಗ, ಗುಂಡು ಕಾಳು ಸುಕ್ಕು ಕಾಳಿನ 3:1 ಲೆಕ್ಕ. ಆಮೇಲೆ ಒಂದು ಉಪಶೀರ್ಷಿಕೆ, ಅಲ್ಲಿಂದ ಕೊನೇವರೆಗೂ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೊಫೇಸ್ ಅಂತ ಕೋಶ ವಿಭಜನೆಯ ಹಂತಗಳು. ಒಂದೇ ಮನೇಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಥರ ಎರಡೂ ಅವರವರ ಪಾಡಿಗೆ ಕೂತಿವೆ. 'ಜೋಡಿ ಅಂಶಗಳು ಬೇರ್ಪಡುತ್ತವೆ' ಅಂತ ನೀವೇ ಬರ್ದಿದ್ದೀರಿ, ಅಂಶ ಅಂದ್ರೆ ಈಗ ನಾವು ಜೀನ್ ಅನ್ನೋದು. ಎಲ್ಲಿ ಬೇರ್ಪಡತ್ತೆ? ಹೂವಿನ ಪರಾಗಕೋಶದೊಳಗೆ, ಅಂಡಾಶಯದೊಳಗೆ, ಮಿಯಾಸಿಸ್ (ಕ್ರೋಮೋಸೋಮು ಅರ್ಧಕ್ಕಿಳಿಸೋ ಕೋಶ ವಿಭಜನೆ) ನಡೆಯೋವಾಗ. ಗುಂಡು ಕಾಳಿನ ಜೀನ್ ಹೊತ್ತ ಕ್ರೋಮೋಸೋಮು, ಸುಕ್ಕು ಕಾಳಿನ ಜೀನ್ ಹೊತ್ತ ಅದರ ಜೋಡಿ, ಎರಡೂ ಅಕ್ಕಪಕ್ಕ ಬಂದು ನಿಂತು ಆಮೇಲೆ ಒಂದು ಆ ಕಡೆ ಒಂದು ಈ ಕಡೆ ಹೋಗತ್ತಲ್ಲ, ಅದೇ ಮೆಂಡೆಲ್ ಹೇಳಿದ್ದು. (ಕ್ರಾಸಿಂಗ್ ಓವರ್ ಆದ, ಅಂದ್ರೆ ಜೋಡಿ ಕ್ರೋಮೋಸೋಮು ತುಂಡು ಅದಲುಬದಲು ಮಾಡ್ಕೊಂಡ ಜಾಗದಲ್ಲಿ ಮಿಯಾಸಿಸ್‌ನ ಎರಡನೇ ವಿಭಜನೆವರೆಗೂ ಕಾಯಬೇಕಾಗತ್ತೆ, ಅದನ್ನ ಅಡಿಟಿಪ್ಪಣಿಗೆ ತಳ್ಳಿ.) ಹಾಗಾಗಿ ಪರಾಗದಲ್ಲಿ ಅರ್ಧಕ್ಕೆ ಗುಂಡಿನ ಜೀನ್, ಅರ್ಧಕ್ಕೆ ಸುಕ್ಕಿನ ಜೀನ್, ಅಂಡದಲ್ಲೂ ಹಾಗೇ, ಎರಡೂ ಕಡೆಯಿಂದ ಸುಕ್ಕೇ ಬರೋದು ನಾಲ್ಕರಲ್ಲಿ ಒಂದಕ್ಕೆ. ಮೆಂಡೆಲ್‌ಗೆ ಸಿಕ್ಕ 5474 ಗುಂಡು, 1850 ಸುಕ್ಕು ಕಾಳಿನ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಆ ಅಂಕಿ ಹಾಕಿದ್ದೀರಿ, ಭಾಗಿಸಿದ್ರೆ 2.96 ಬರತ್ತೆ ಅಂತ ಹೇಳಿಲ್ಲ. ಹೇಳಿ, 3:1 ಅನ್ನೋದು ಎಣಿಸಿ ಎಣಿಸಿ ಸಿಕ್ಕಿದ್ದು ಅಂತ ಹುಡುಗ್ರಿಗೆ ಗೊತ್ತಾಗ್ಲಿ.

ಮೆಂಡೆಲ್ ಲೆಕ್ಕಕ್ಕೂ ಕೋಶ ವಿಭಜನೆಗೂ ಈ ಜೋಡಣೆ ಸುಲಭಕ್ಕೆ ಆಗಿದ್ದಲ್ಲ. ಮೆಂಡೆಲ್ ಲೇಖನ ಅಚ್ಚಾಗಿದ್ದು 1866ರಲ್ಲಿ, ಕೋಶ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಮಾಮೂಲಿ ಕೋಶ ವಿಭಜನೆಗೆ (ಒಂದು ಕೋಶ ತನ್ನಂಥದೇ ಎರಡಾಗೋದು) ಮೈಟಾಸಿಸ್ ಅಂತ ಹೆಸರಿಟ್ಟು ಪುಸ್ತಕ ತಂದಿದ್ದು 1882ರಲ್ಲಿ, ಮೆಂಡೆಲ್ ತೀರಿಹೋಗಿದ್ದು 1884ರಲ್ಲಿ. ಮಿಡತೆಯ ಕ್ರೋಮೋಸೋಮು ನೋಡ್ತಾ ಕೂತ ಸಟನ್ ಅನ್ನೋ ಹುಡುಗ, ಇನ್ನೂ ವಿದ್ಯಾರ್ಥಿ ಆಗ, ಇವೆರಡೂ ಒಂದೇ ಕಥೆ ಅಂತ ಬರೆಯೋ ಹೊತ್ತಿಗೆ 1902–03. ನಿಮ್ಮ ಲೇಖನಕ್ಕೆ ಸಟನ್ ಬರಲೇ ಇಲ್ಲ.

ಇನ್ನು ತಪ್ಪುಗಳು. ಮಿಯಾಸಿಸ್‌ನ ಮೊದಲ ಅನಾಫೇಸಲ್ಲಿ ಕ್ರೊಮ್ಯಾಟಿಡ್ (ಒಂದೇ ಕ್ರೋಮೋಸೋಮಿನ ಎರಡು ನಕಲು) ಬೇರೆ ಆಗಲ್ಲ, ಜೋಡಿ ಕ್ರೋಮೋಸೋಮು ಬೇರೆ ಆಗತ್ತೆ. ಎರಡು ವಿಭಜನೆ ನಡುವಿನ ಇಂಟರ್‌ಫೇಸ್ ವಿಶ್ರಾಂತಿಯ ಹಂತ ಅಲ್ಲ, ಡಿಎನ್‌ಎ ನಕಲಾಗೋದೇ ಆಗ, ಹಬ್ಬದ ಹಿಂದಿನ ದಿನದ ಅಡುಗೆಮನೆಯನ್ನ ವಿಶ್ರಾಂತಿ ಅಂತೀವಾ? 'ನಾಲ್ಕು ಮಕ್ಕಳಾದರೆ ಒಬ್ಬರಿಗೆ ಖಾಯಿಲೆ' ಅನ್ನೋ ಸಾಲು ಹೊಡೆದುಹಾಕಿ, ತಂದೆತಾಯಿ ಇಬ್ಬರೂ ವಾಹಕರಾಗಿದ್ರೆ (ಖಾಯಿಲೆಯ ಜೀನ್ ಒಂದೇ ಪ್ರತಿ ಹೊತ್ತು ತಾವು ಚೆನ್ನಾಗೇ ಇರೋರು) ಪ್ರತಿ ಮಗುವಿಗೂ ಹೊಸದಾಗಿ ನಾಲ್ಕರಲ್ಲಿ ಒಂದು ಸಾಧ್ಯತೆ, ಅಷ್ಟೇ. 'ದುರ್ಬಲ ಗುಣ' (ಸುಕ್ಕಿನ ಹಾಗೆ, ಜೀನ್ ಒಂದೇ ಪ್ರತಿ ಇದ್ರೆ ಮರೆಯಾಗೋದು) ಪಠ್ಯದ ಪದ, ಬಿಡಿ, ಆದ್ರೆ ಹುಡುಗ್ರು ಅದನ್ನ ಸೋತ ಗುಣ ಅಂದ್ಕೋತಾರೆ. ಸುಕ್ಕು ಕಾಳಲ್ಲಿ ಆಗೋದೇ ಬೇರೆ: ಪಿಷ್ಟ ಕಟ್ಟೋ ಒಂದು ಕಿಣ್ವದ ಜೀನ್ ಕೆಟ್ಟಿರತ್ತೆ, ಸಕ್ಕರೆ ಜಾಸ್ತಿ ಉಳಿಯತ್ತೆ, ಅದು ನೀರು ಎಳ್ಕೊಳತ್ತೆ, ಒಣಗಿದಾಗ ಸಿಪ್ಪೆ ಸುಕ್ಕಾಗತ್ತೆ. ಒಂದು ಪ್ರತಿ ಸರಿ ಇದ್ರೂ ಸಾಕು, ಕೆಲ್ಸ ನಡಿಯತ್ತೆ, ಕಾಳು ಗುಂಡಾಗತ್ತೆ.

ನಂಗೆ ನಿಜವಾಗಿ ಬೇಜಾರಾಗಿದ್ದು ಬೇರೆ. ಮೈಟಾಸಿಸ್ ಮಿಯಾಸಿಸ್ ವ್ಯತ್ಯಾಸಕ್ಕೆ ಹತ್ತು ಸಾಲಿನ ಕೋಷ್ಟಕ ಹಾಕಿದ್ದೀರಿ, ಅದು ಗೈಡಲ್ಲಿ ಇರೋದೇ. ನಮ್ಮ ತೋಟಕ್ಕೆ ಬಂದು ನೋಡಿ. ಕಾಳುಮೆಣಸಿನ ಬಳ್ಳಿ ತುಂಡು ಮಾಡಿ ಕೊಟ್ಟೇಲಿ (ಸಸಿ ಚೀಲದಲ್ಲಿ) ನೆಟ್ರೆ ತಾಯಿ ಬಳ್ಳಿ ಹೇಗೋ ಹಾಗೇ ಬರತ್ತೆ, ಬರೀ ಮೈಟಾಸಿಸ್. ಅಡಿಕೆಯಲ್ಲಿ ಹಾಗಾಗಲ್ಲ. ಭರ್ಜರಿ ಕೊನೆ (ಗೊನೆ) ಬಿಡೋ ಮರ ಆರಿಸಿ ಅಪ್ಪ ಬೀಜದಡಿಕೆ ಹಾಕಿದ್ರು, ಒಂದೇ ಮರದ ಸಸಿಗಳು, ಈಗ ನೋಡಿದ್ರೆ ಒಂದು ದಪ್ಪ ಒಂದು ಸಪೂರ, ಒಂದಕ್ಕೆ ಕೊನೆ ಬೇಗ ಇನ್ನೊಂದಕ್ಕೆ ತಡ. ಮಣ್ಣು, ನೆರಳು ಒಂದಿಷ್ಟು ಕಾರಣ ಹೌದು, ಆದ್ರೆ ತಾಯಿ ಕಡೆಯಿಂದ್ಲೂ ಅರ್ಧ, ಯಾವುದೋ ಮರದ ಪರಾಗದಿಂದ್ಲೂ ಅರ್ಧ, ಎರಡೂ ಮಿಯಾಸಿಸ್ಸಲ್ಲಿ ಕಲಸಿ ಬಂದಿದ್ದು. ಬಾಳೆ ಇನ್ನೂ ಮಜಾ. ನಾವು ತಿನ್ನೋ ಬಾಳೆ ಹೆಚ್ಚಿನವು ಮೂರು ಸೆಟ್ಟು ಕ್ರೋಮೋಸೋಮಿನವು, ಒಟ್ಟು 33, ಮೂರನ್ನ ಜೋಡಿ ಮಾಡಕ್ಕಾಗದೆ ಮಿಯಾಸಿಸ್ ಎಡವತ್ತೆ, ಸರಿಯಾದ ಬೀಜ ಕಟ್ಟಲ್ಲ, ಅದಕ್ಕೇ ಕಂದು ಕಿತ್ತು ನೆಡೋದು.

ಒಂದು ಕೆಲ್ಸ ಮಾಡಿ. ನಿಮ್ಮೂರಲ್ಲಿ ಹೆದ್ದಾರಿ ಬದಿ ಗೊಂಚಲು ಕಟ್ಟಿ ನೇತಾಕ್ತಾರಲ್ಲ, ಆ ಕುಮಟಾ ಈರುಳ್ಳಿ ಒಂದು ತಗೊಂಡು ಬುಡ ಮಾತ್ರ ನೀರಿಗೆ ತಾಗೋ ಹಾಗೆ ಲೋಟದ ಮೇಲಿಡಿ. ಬೇರು ಬಂದ್ಮೇಲೆ ತುದಿ ಕತ್ತರಿಸಿ, ಅಸಿಟೊಕಾರ್ಮೈನ್ ಬಣ್ಣ ಹಾಕಿ, ಹೆಬ್ಬೆರಳಲ್ಲಿ ಒತ್ತಿ ಸ್ಲೈಡ್ ಮಾಡಿ. ಇದೆಲ್ಲ ನಿಮಗೆ ಗೊತ್ತಿರೋದೇ. ನೂರು ಕೋಶ ಎಣಿಸಿ, ಯಾವ ಹಂತದಲ್ಲಿ ಎಷ್ಟಿತ್ತು ಅಂತ ಬರೀರಿ. ಹೆಚ್ಚಿನವು ಇಂಟರ್‌ಫೇಸಲ್ಲೇ ಇರತ್ತೆ, ನಾಲ್ಕೂ ಹಂತ ಪುಸ್ತಕದ ಚಿತ್ರದ ಹಾಗೆ ಸಾಲಾಗಿ ನಿಂತಿರಲ್ಲ. ಅದೃಷ್ಟ ಇದ್ರೆ ಒಂದು ಮೆಟಾಫೇಸಲ್ಲಿ ಹದಿನಾರೂ ಕ್ರೋಮೋಸೋಮು ಎಣಿಸಕ್ಕೆ ಸಿಗತ್ತೆ. ಲೇಖನ ಅಲ್ಲಿಂದ್ಲೇ ಶುರು ಮಾಡಿ, ಮೆಂಡೆಲ್ ಆಮೇಲೆ ಬರ್ಲಿ, ಕೋಷ್ಟಕ ಬೇಡ. ಒಟ್ಟು ಈಗಿರೋದರ ಅರ್ಧ ಸಾಕು. ಚಿತ್ರ ನೀವೇ ಪೆನ್ಸಿಲಲ್ಲಿ ಬಿಡಿಸಿ ಕಳಿಸಿ, ಪುಸ್ತಕದ್ದು ಫೋಟೋ ಹೊಡೀಬೇಡಿ, ನಮ್ಮ ಪ್ರಿಂಟಲ್ಲಿ ಅದು ಕಪ್ಪು ಮುದ್ದೆ ಆಗತ್ತೆ.