ಹಳೇ ಮನೆಯ ಅಟ್ಟವನ್ನು ಮಲಗುವ ಕೋಣೆ ಮಾಡಬಹುದೇ?

ಮಾಡಬಹುದು, ಆದರೆ ಮೊದಲು ಜಂತಿ, ಅಂದರೆ ಅಟ್ಟದ ನೆಲ ಹೊತ್ತ ಮರದ ತೊಲೆ, ನೋಡಿ. ನಮ್ಮ ಕೊಪ್ಪಳದ ಕಡೆ ಅಟ್ಟ ಹಾಕಿದ್ದು ಉಳ್ಳಾಗಡ್ಡಿ, ಹಳೇ ಪಾತ್ರೆ ಇಡಲಿಕ್ಕೆ. ಆದರೆ ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರ (ಜನ, ಮಂಚ, ಸಾಮಾನು) ಹಿಡಿದು ಲೆಕ್ಕ ಹಾಕುತ್ತಾರೆ. ಜಂತಿ ಗೋಡೆಯೊಳಗೆ ಹೊಕ್ಕ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ. ಪುಸಕ್ಕನೆ ಇಳಿದರೆ ಗೆದ್ದಲು ಒಳಗೆಲ್ಲ ತಿಂದಿದೆ ಇಲ್ಲವೇ ಮರ ತೇವಕ್ಕೆ ಕೊಳೆತಿದೆ, ಮೇಲಿನ ಬಣ್ಣವಷ್ಟೇ ಗಟ್ಟಿ!

ಹೊಸ ಜಂತಿ ಹಾಕುವುದಾದರೆ ಅಗಲಕ್ಕಿಂತ ಎತ್ತರ ನೋಡಿ ತನ್ನಿ. ಎತ್ತರ ಎರಡು ಪಟ್ಟಾದರೆ ಅದೇ ಭಾರಕ್ಕೆ ಬಾಗುವುದು ಎಂಟನೇ ಒಂದು ಭಾಗ ಮಾತ್ರ. ತೊಂದರೆ ಏನೆಂದರೆ, ಆ ಎತ್ತರ ನಿಮ್ಮ ತಲೆಯ ಮೇಲಿನ ಜಾಗವನ್ನೇ ತಿನ್ನುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ನೆಲದಿಂದ ಸೂರಿಗೆ 2.75 ಮೀಟರ್ ಕೇಳುತ್ತದೆ, ಇಳಿಜಾರು ಸೂರಿದ್ದರೆ ಸರಾಸರಿ ಅಷ್ಟು. ಅಷ್ಟು ಸಿಗದಿದ್ದರೆ ಉಳ್ಳಾಗಡ್ಡಿಗೇ ಬಿಡಿ. ಏಪ್ರಿಲ್ ಬಿಸಿಲಿಗೆ ಅಲ್ಲಿ ಮಲಗಲಿಕ್ಕಾಗದು.